ಟೇಪಕ್ಕನ ಅಳತೆ ಪುಸ್ತಕ

ಬೆಳಗ್ಗೆ ಎಂಟೂ ಇಪ್ಪತ್ತಕ್ಕೆ ಟೇಪಕ್ಕ ಎಡಗೈಗೆ ಉಕ್ಕಿನ ಬಲೆಯ ಗವಸು ಹಾಕಿಕೊಂಡು, ಬಲಗೈಯನ್ನು ಬಟ್ಟೆ ಕತ್ತರಿಸುವ ಯಂತ್ರದ ಹಿಡಿಕೆಯ ಮೇಲಿಟ್ಟು ನಿಂತಳು. ಮೇಜಿನ ಮೇಲೆ ಒಂದರ ಮೇಲೊಂದು ಹಾಸಿದ ಅರವತ್ತು ಪದರ ಬಿಳಿ ಬಟ್ಟೆ ಇತ್ತು. ಮೇಲಿನ ಪದರದಲ್ಲಿ ನೀಲಿ ಸೀಮೆಸುಣ್ಣದ ಗೆರೆ, ನರ್ಸುಗಳ ಕೋಟಿನ ಎಡತೋಳು. ಎಂಟೂ ಇಪ್ಪತ್ತೈದಾದರೂ ಅವಳು ಸ್ವಿಚ್ ಒತ್ತಿರಲಿಲ್ಲ.

ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದವನನ್ನು ಅಲ್ಲಿ ಎಲ್ಲರೂ ಇಸ್ತ್ರಿ ಅಣ್ಣ ಎನ್ನುತ್ತಾರೆ. ಅವನು ಹಬೆಯ ಪೆಟ್ಟಿಗೆ ಪಕ್ಕಕ್ಕಿಟ್ಟು ಕೇಳಿದ, "ಏನ್ ಟೇಪಕ್ಕ, ಯಂತ್ರಕ್ಕೆ ಆಶೀರ್ವಾದ ಮಾಡ್ತಿದ್ದೀಯಾ?"

"ಕೈ ಏಳ್ತಿಲ್ಲ ಅಣ್ಣ."

"ಕೈ ಏಳದಿದ್ರೆ ಬಿಡು, ಬಾಯಿ ಏಳುತ್ತಲ್ಲ. ನಾಲ್ಕು ಬೈದು ಶುರು ಮಾಡು."

ಅವಳು ಬೈಯಲಿಲ್ಲ. ಸ್ವಿಚ್ ಒತ್ತಿದಳು. ಮೊಣಕೈಯ ತಿರುವಿನಲ್ಲಿ ಅಲಗು ಗೆರೆ ಬಿಟ್ಟು ಅರ್ಧ ಅಂಗುಲ ಒಳಗೆ ಹೋಯಿತು. ಕೆಟ್ಟದ್ದು ಒಂದು ತೋಳಲ್ಲ, ಅರವತ್ತು.

ಯಜಮಾನರು ಮಹಡಿಯಿಂದ ಇಳಿದು ಬಂದರು. ಅವರು ಕೂಗಾಡುವ ಮನುಷ್ಯರಲ್ಲ. ಕೆಟ್ಟ ತೋಳೊಂದನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದರು.

"ಇನ್ನೊಂದು ಸ್ವಲ್ಪ ಈಚೆ ಬಂದಿದ್ರೆ ನಿನ್ನ ಬೆರಳು."

"ಗವಸು ಇತ್ತಲ್ಲ ಯಜಮಾನ್ರೇ."

"ಗವಸು ಇತ್ತು. ನೀನಿದ್ದೆಯಾ?"

ಯಜಮಾನರು ತೋಳನ್ನು ಮಡಿಸಿ ಮೇಜಿನ ಮೇಲಿಟ್ಟರು. "ಡಾಕ್ಟರ ಹತ್ರ ಹೋಗು. ಯಂತ್ರ ಹಿಡೀಬಹುದು ಅಂತ ಬರೆಸ್ಕೊಂಡು ಬಾ. ಇಪ್ಪತ್ತು ದಿನ ಇದೆ. ಒಂದನೇ ತಾರೀಖಿಗೆ ಕಾಗದ ಬರಲಿಲ್ಲ ಅಂದ್ರೆ ಈ ಮೇಜಿಗೆ ಬೇರೆಯವರನ್ನ ಕರೀತೀನಿ. ಬೇಜಾರು ಮಾಡ್ಕೋಬೇಡ."

ಈ ಕಾರ್ಖಾನೆಯಲ್ಲಿ ಸಮವಸ್ತ್ರಗಳನ್ನು ಹೊಲಿಯುತ್ತಾರೆ. ಮೇಲಿನ ಮಹಡಿಯಲ್ಲಿ ಇಪ್ಪತ್ತೆರಡು ಹೊಲಿಗೆ ಯಂತ್ರಗಳು. ಕತ್ತರಿಸುವ ಮೇಜು ಮಾತ್ರ ಹನ್ನೊಂದು ಮೆಟ್ಟಿಲು ಕೆಳಗೆ, ನೆಲಮಾಳಿಗೆಯಲ್ಲಿದೆ. ಅಲ್ಲಿಗಿರುವುದು ಒಂದೇ ಕಿಟಕಿ. ಬಿಸಿಲಿಗೆ ಬಟ್ಟೆಯ ಬಣ್ಣ ಮಾಸುತ್ತದೆಂದು ಅದರ ಗಾಜಿಗೆ ಯಾವ ಕಾಲದಲ್ಲೋ ಹಸಿರು ಬಣ್ಣ ಬಳಿದಿದ್ದಾರೆ. ಟೇಪಕ್ಕ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಮೊದಲ ಏಳು ವರ್ಷ ದಾರ ಕತ್ತರಿಸಿ, ಗುಂಡಿ ಹಚ್ಚಿ, ಆಮೇಲೆ ಈ ಮೇಜಿಗೆ ಬಂದವಳು. ಈಗ ವಯಸ್ಸು ನಲವತ್ತಮೂರು. ಅಳತೆ ಟೇಪು ಕೊರಳಿಂದ ಇಳಿಯುವುದಿಲ್ಲವಾದ್ದರಿಂದ ಈ ಹೆಸರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಅವಳಿಗೊಂದು ದಪ್ಪ ರಟ್ಟಿನ ಪುಸ್ತಕವಿದೆ. ಸಮವಸ್ತ್ರ ತೊಡುವ ಒಬ್ಬೊಬ್ಬರಿಗೆ ಒಂದು ಪುಟ. ಒಮ್ಮೆ ಅಳೆದು ಬರೆದರೆ ಮುಗಿಯಿತು, ಮತ್ತೆ ಟೇಪು ಹಿಡಿಯುವುದಿಲ್ಲ. ಸಮವಸ್ತ್ರದ ಕೆಲಸದಲ್ಲಿ ಕಣ್ಣು ನಂಬಬೇಡ, ಪುಸ್ತಕ ನಂಬು ಎಂದು ಅವಳೇ ಹೊಸಬರಿಗೆ ಹೇಳುತ್ತಿದ್ದಳು. ಪುಸ್ತಕದ ಕೊನೆಯ ನಾಲ್ಕು ಹಾಳೆಗಳಲ್ಲಿ ಮನೆಯವರ ಅಳತೆಗಳಿವೆ. ಅವುಗಳಲ್ಲಿ ಒಂದನ್ನು, ಮೂರು ವರ್ಷದ ಹಿಂದೆ ಜ್ವರ ಬಂದು ತೀರಿಕೊಂಡ ಗಂಡನದನ್ನು, ಅವಳು ಪಕ್ಕದ ಹಾಳೆಗೆ ಸೇರಿಸಿ ಗುಂಡುಸೂಜಿ ಚುಚ್ಚಿದ್ದಾಳೆ. ಪುಟ ತಿರುಗಿಸುವಾಗ ಎರಡೂ ಒಟ್ಟಿಗೆ ತಿರುಗುತ್ತವೆ.

ಮನೆ ಮೂರನೇ ಮಹಡಿಯಲ್ಲಿ, ಎರಡು ಕೋಣೆ. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಲ್ಲಿ ಮೂವರಿದ್ದಾರೆ. ಟೇಪಕ್ಕ, ಎಪ್ಪತ್ತೊಂದು ದಾಟಿದ ಅವಳ ತಾಯಿ, ಹನ್ನೊಂದು ವರ್ಷದ ಮಗಳು. ಹುಟ್ಟಿದಾಗ ಕೋಟಿನ ಗುಂಡಿಯಂತೆ ದುಂಡಗಿದ್ದಳೆಂದು ಮಗುವನ್ನು ಗುಂಡಿ ಎಂದೇ ಕರೆಯುತ್ತಾರೆ. ಬಾಗಿಲ ಹಿಂದೆ ಮೂರು ಮೊಳೆಗಳು, ಮೂರು ಮೊಳೆಗೆ ಮೂರು ಪ್ಲಾಸ್ಟಿಕ್ ಚೀಲ. ಒಬ್ಬೊಬ್ಬರ ವೈದ್ಯಕೀಯ ವರದಿಗಳು ಒಂದೊಂದರಲ್ಲಿ.

ಮೊದಲ ಚೀಲ ಟೇಪಕ್ಕನದು. ಭುಜದ ಎಕ್ಸ್‌ರೇ ಎರಡು, ಕುತ್ತಿಗೆಯದು ಒಂದು. ಭುಜದಿಂದ ಮೊಣಕೈವರೆಗೆ ಒಳಗೆ ಯಾರೋ ಹಿಂಡುತ್ತಿರುವ ಹಾಗೆ ನೋವು. ಬೆಳಗ್ಗೆ ಎದ್ದಾಗ ದವಡೆ ಬಿಗಿದಿರುತ್ತದೆ. ನಾಲ್ಕಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಕಾಲುಗಳು ನೀರಲ್ಲಿ ನೆನೆದ ಕಂಬಳಿ. ಹಸಿವಿಲ್ಲದಿದ್ದರೂ ಸಿಹಿ ಬನ್ನು ತಿನ್ನುತ್ತಾಳೆ, ಕೆಲಸದ ನಡುವೆ ಎರಡು, ದಾರಿಯಲ್ಲಿ ಒಂದು. ತಿಂದದ್ದು ನೆನಪಿರುವುದಿಲ್ಲ, ಬನ್ನು ಸುತ್ತಿದ ಕಾಗದ ಮಾತ್ರ ಜೇಬಿನಲ್ಲಿರುತ್ತದೆ. ವರದಿಯಲ್ಲಿ ಎಲ್ಲವೂ ಸರಿಯಾಗಿದೆ.

ಎರಡನೇ ಚೀಲ ತಾಯಿಯದು. ಹೊಟ್ಟೆಯ ಸ್ಕ್ಯಾನ್, ರಕ್ತ, ಥೈರಾಯ್ಡ್, ತಲೆಯ ಸ್ಕ್ಯಾನ್. ಅನ್ನ ಬಾಯಿಗಿಟ್ಟರೆ ರಟ್ಟು ಅಗಿದ ಹಾಗೆ ಎನ್ನುತ್ತಾಳೆ. ಮಲಬದ್ಧತೆ. ಕೋಣೆಯಿಂದ ಅಡುಗೆಮನೆಗೆ ಎಂಟು ಹೆಜ್ಜೆ, ಅಷ್ಟಕ್ಕೆ ಒಂದು ಕಡೆ ಗೋಡೆ ಹಿಡಿದು ನಿಲ್ಲುತ್ತಾಳೆ. ಒಲೆ ಹಚ್ಚಿದ್ದು ಮರೆಯುತ್ತಾಳೆ. ಮರೆವಿನ ಕಾಯಿಲೆ ಇರಬಹುದೆಂದು ಟೇಪಕ್ಕನ ಹೆದರಿಕೆ. ಸ್ಕ್ಯಾನ್ ನೋಡಿದವರು ವಯಸ್ಸಿಗೆ ತಕ್ಕಂತಿದೆ ಎಂದರು.

"ರಿಪೋರ್ಟ್ ಚೆನ್ನಾಗಿದೆ ಕಣೇ," ಎಂದಳು ತಾಯಿ. "ನಾನೇ ಚೆನ್ನಾಗಿಲ್ಲ."

ಮೂರನೇ ಚೀಲ ತೆಳ್ಳಗಿದೆ. ಗುಂಡಿಗೆ ಹೊಟ್ಟೆನೋವು, ಹೆಚ್ಚಾಗಿ ಸೋಮವಾರ. ಬೇರೆ ದಿನ ತಲೆನೋವು. ಹುಳದ ಔಷಧಿ ಎರಡು ಸಲ ಕೊಟ್ಟಾಗಿದೆ. ಪೆನ್ಸಿಲ್ ಮುರಿದರೆ ಕಿರುಚುತ್ತಾಳೆ, ಮೊದಲು ಹಾಗಿರಲಿಲ್ಲ.

"ಹೊಟ್ಟೆ ನೋವಾದ್ರೆ ಭಾನುವಾರ ಯಾಕೆ ಬರಲ್ಲ? ಅದಕ್ಕೂ ರಜಾನಾ?" ಎಂದು ಟೇಪಕ್ಕ ಗದರುತ್ತಾಳೆ.

"ಭಾನುವಾರನೂ ಬರುತ್ತೆ. ನಿಂಗೆ ಹೇಳಲ್ಲ ಅಷ್ಟೇ," ಎನ್ನುತ್ತದೆ ಮಗು.

ಮೂವರಿಗೂ ಮೂರು ಬಗೆಯ ಕಾಯಿಲೆ, ಅದಕ್ಕೇ ಮೂರು ಮೊಳೆ. ಅವು ಒಂದಕ್ಕೊಂದು ಸಂಬಂಧಪಟ್ಟಿರಬಹುದು ಎಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಬಟ್ಟೆ ಸುರುಳಿಗಳ ಕೊನೆಯಲ್ಲಿ ಉಳಿದ ತುಂಡುಗಳನ್ನು ಯಜಮಾನರು ವರ್ಷಕ್ಕೊಮ್ಮೆ ಕೆಲಸದವರಿಗೆ ಹಂಚುತ್ತಾರೆ. ತೋಳುಗಳು ಕೆಟ್ಟ ವಾರವೇ ಆ ಹಂಚಿಕೆಯೂ ಆಯಿತು. ಟೇಪಕ್ಕ ಮನೆಯಲ್ಲಿ ಕತ್ತರಿಯಿಂದ ಮೂರು ಬಟ್ಟೆ ಕತ್ತರಿಸಿದಳು. ತಾಯಿಗೊಂದು ಉದ್ದಂಗಿ, ಮಗಳಿಗೆ ಶಾಲೆಯ ಅಂಗಿ, ತನಗೊಂದು ಕೆಲಸದ ಅಂಗಿ. ಅಳತೆಗೆ ಪುಸ್ತಕ ತೆರೆದಳು. ಹದಿನಾಲ್ಕು ತಿಂಗಳ ಹಿಂದೆ ಬರೆದ ಸಂಖ್ಯೆಗಳು. ಮಗಳ ಎದೆಯಳತೆಗೆ ಮಾತ್ರ ಒಂದೂವರೆ ಅಂಗುಲ ಸೇರಿಸಿದಳು, ಮಕ್ಕಳು ಬೆಳೆಯುತ್ತಾರಲ್ಲ.

ಒಂದೂ ಸರಿಯಾಗಲಿಲ್ಲ. ತಾಯಿಯ ಉದ್ದಂಗಿ ಮೊಳೆಗೆ ನೇತುಹಾಕಿದಂತೆ ಜೋತುಬಿತ್ತು. ಮಗಳ ಅಂಗಿ ಎರಡೂ ಕಡೆ ಸಡಿಲ. ಟೇಪಕ್ಕನದು ಎದೆಯ ಹತ್ತಿರ ಗುಂಡಿಯೇ ಕೂಡಲಿಲ್ಲ.

"ಇದನ್ನ ನಂಗೆ ಹೊಲಿದ್ಯೋ, ನಮ್ಮಿಬ್ಬರಿಗೂ ಸೇರಿಸಿ ಹೊಲಿದ್ಯೋ?" ಎಂದು ತಾಯಿ ಮೊಮ್ಮಗಳನ್ನು ಉದ್ದಂಗಿಯೊಳಗೆ ಎಳೆದುಕೊಂಡಳು. ಅದರೊಳಗೆ ಇಬ್ಬರಿಗೂ ಜಾಗವಾಯಿತು. ಗುಂಡಿ ನಕ್ಕಳು. ಆ ನಗು ಕೇಳಿ ತಾಯಿಗೂ ಟೇಪಕ್ಕನಿಗೂ ಒಂದೇ ಸಲ ಗಾಬರಿಯಾಯಿತು, ಅದು ಕೇಳಿ ಬಹಳ ದಿನವಾಗಿತ್ತು.

ಟೇಪಕ್ಕ ಕೊರಳ ಟೇಪು ತೆಗೆದು ಮೂವರನ್ನೂ ಮತ್ತೆ ಅಳೆದಳು. ತಾಯಿಯ ಎದೆಯಳತೆ ಮೂವತ್ತಾರರಿಂದ ಮೂವತ್ತೆರಡಕ್ಕೆ ಇಳಿದಿತ್ತು. ಮಗಳದು ಇಪ್ಪತ್ತಾರೂವರೆ, ಅಂದೂ ಇಂದೂ ಅದೇ. ತನ್ನದು ಮೂವತ್ತೈದಿದ್ದದ್ದು ಮೂವತ್ತೊಂಬತ್ತು.

ಅವಳ ತೀರ್ಮಾನ ತಕ್ಷಣವೇ ಬಂತು. ಟೇಪು ಕೆಟ್ಟಿದೆ. ಆ ಕೆಲಸದವರು ಯಾರಾದರೂ ಹಾಗೇ ಯೋಚಿಸುತ್ತಾರೆ. ವರ್ಷಗಟ್ಟಲೆ ಎಳೆದೆಳೆದು ಟೇಪು ಹಿಗ್ಗುತ್ತದೆ, ಹಿಗ್ಗಿದ ಟೇಪು ಕಡಿಮೆ ತೋರಿಸುತ್ತದೆ. ಮರುದಿನ ಅದನ್ನು ಮೇಜಿನ ಉಕ್ಕಿನ ಅಳತೆಪಟ್ಟಿಗೆ ಹಿಡಿದು ನೋಡಿದಳು. ಅರವತ್ತು ಅಂಗುಲಕ್ಕೆ ಅರ್ಧ ಅಂಗುಲ ಹಿಗ್ಗಿತ್ತು. ಸಮಾಧಾನವಾಗಿ, ಮಧ್ಯಾಹ್ನದ ಬಿಡುವಿನಲ್ಲಿ ಹೊಸ ಟೇಪು ಕೊಂಡು ತಂದಳು.

ಇಸ್ತ್ರಿ ಅಣ್ಣ ಕಥೆ ಕೇಳಿ ಕೋಟಿನ ಕಾಲರ್ ತಿರುವುತ್ತಾ ಹೇಳಿದ, "ಟೇಪು ಸುಳ್ಳು ಹೇಳೋದಾದ್ರೆ ಎಲ್ಲರಿಗೂ ಒಂದೇ ಸುಳ್ಳು ಹೇಳಬೇಕಲ್ಲ ಟೇಪಕ್ಕ. ನಿಮ್ಮಮ್ಮಂಗೆ ಒಂದು, ಮಗೂಗೆ ಒಂದು, ನಿಂಗೆ ಒಂದು ಹೇಳೋಕೆ ಅದೇನು ನಮ್ಮ ಯಜಮಾನ್ರಾ?"

ಅವಳು ನಗಲು ಹೋದಳು, ದವಡೆ ನೋಯಿತು. ಸಂಜೆ ಹೊಸ ಟೇಪು ಹಿಡಿದು ಮತ್ತೆ ಅಳೆದಳು. ಮೂವತ್ತೆರಡು, ಇಪ್ಪತ್ತಾರೂವರೆ, ಮೂವತ್ತೊಂಬತ್ತು.

ಕಾಗದ ತರಲು ಇನ್ನು ಹದಿಮೂರು ದಿನ ಉಳಿದಿತ್ತು. ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಎಕ್ಸ್‌ರೇಗಳನ್ನು ಒಂದೊಂದಾಗಿ ನೋಡಿದರು. ಅವಳ ಕೈ ಎತ್ತಿಸಿದರು, ತಿರುಗಿಸಿದರು.

"ಭುಜದಲ್ಲಿ ಏನೂ ತೊಂದರೆ ಇಲ್ಲ."

"ಹಾಗಾದ್ರೆ ಯಂತ್ರ ಹಿಡೀಬಹುದು ಅಂತ ಬರೆದುಕೊಡಿ ಸಾರ್."

"ಕೈ ಏಳಲ್ಲ ಅಂತ ಹೇಳ್ತಿರೋದು ನೀವೇ ತಾನೆ? ನಾನು ಹೇಗೆ ಬರೀಲಿ? ಹದಿನಾರನೇ ಕೋಣೆಗೆ ಹೋಗಿ. ಅವರು ನೋಡಿ ಬರೀತಾರೆ."

ಹದಿನಾರನೇ ಕೋಣೆಯ ಮೇಲೆ ಮಾನಸಿಕ ಆರೋಗ್ಯ ವಿಭಾಗ ಎಂಬ ಫಲಕವಿತ್ತು. ಟೇಪಕ್ಕ ಫಲಕ ಓದಿ, ಬಂದ ದಾರಿಯಲ್ಲೇ ವಾಪಸು ನಡೆದಳು.

ಅವಳ ಹೆದರಿಕೆಗೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಕಾಜಾ ಯಂತ್ರದ ಮೇಲೆ, ಅಂದರೆ ಗುಂಡಿ ತೂರುವ ರಂಧ್ರ ಹೊಲಿಯುವ ಯಂತ್ರದ ಮೇಲೆ, ಒಬ್ಬ ವಯಸ್ಸಾದವನಿದ್ದ. ಒಂದು ದಿನ ಅವನ ಊಟದ ಚೀಲದಿಂದ ಆ ವಿಭಾಗದ ಮೊಹರಿದ್ದ ಮಾತ್ರೆಯ ಕವರ್ ಬಿತ್ತು. ಸಂಜೆಯೊಳಗೆ ಅವನಿಗೆ ಮಾತ್ರೆ ಮಾಮ ಎಂಬ ಹೆಸರು ಬಿತ್ತು. ಅವನು ಹತ್ತಿರ ಬಂದರೆ ಹೆಂಗಸರು ಕತ್ತರಿಗಳನ್ನು ಎತ್ತಿಟ್ಟುಕೊಳ್ಳುತ್ತಿದ್ದರು. ಯಾರೂ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ನಾಲ್ಕು ತಿಂಗಳಿಗೆ ಅವನೇ ಬಿಟ್ಟುಹೋದ. ಹೆಸರಿಟ್ಟವಳು ಟೇಪಕ್ಕ.

ಎರಡು ದಿನ ಬಿಟ್ಟು ಅವಳು ಮತ್ತೆ ಹೋದಳು. ಕಾಗದವಿಲ್ಲದೆ ಮೇಜಿಲ್ಲ ಎನ್ನುವುದಷ್ಟೇ ಮನಸ್ಸಿನಲ್ಲಿತ್ತು. ಕೋಣೆಯೊಳಗೆ ತಲೆ ಮೇಲೆತ್ತದೆ ಬರೆಯುತ್ತಿದ್ದ ಡಾಕ್ಟರಮ್ಮ ಕುರ್ಚಿ ತೋರಿಸಿದರು.

"ಹೇಳಿ, ಎಲ್ಲಿ ನೋವು?"

ಆ ಪ್ರಶ್ನೆಯನ್ನು ಅವಳು ನಿರೀಕ್ಷಿಸಿರಲಿಲ್ಲ. ಎಲ್ಲಿ ನೋವೆಂದು ಹೇಳಿದಳು. ನಿದ್ದೆ ಹೇಗೆ, ಊಟ ಹೇಗೆ, ಬೆಳಗ್ಗೆ ಎದ್ದಾಗ ಹೇಗಿರುತ್ತೆ, ಮೊದಲು ಇಷ್ಟವಾಗುತ್ತಿದ್ದುದು ಈಗಲೂ ಇಷ್ಟವಾಗುತ್ತಾ ಎಂದು ಅವರು ಒಂದೊಂದಾಗಿ ಕೇಳಿದರು. ಸಾಯಬೇಕು ಅನ್ನಿಸುತ್ತಾ ಎಂದೂ, ಅದೇ ಧ್ವನಿಯಲ್ಲಿ, ಕೇಳಿದರು.

"ಇಲ್ಲಮ್ಮ. ಸಾಯೋಕೂ ಎದ್ದು ಹೋಗಬೇಕಲ್ಲ," ಎಂದಳು ಟೇಪಕ್ಕ. ಡಾಕ್ಟರಮ್ಮ ನಗದೆ ಅದನ್ನು ಬರೆದುಕೊಂಡು, ಆ ಬಗ್ಗೆ ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಮಾತು ಬದಲಿಸಲೆಂದು ಟೇಪಕ್ಕ ಟೇಪಿನ ಕಥೆ ತೆಗೆದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಪುಸ್ತಕ ಇದೆಯಾ ಈಗ?"

ಅದು ಯಾವಾಗಲೂ ಚೀಲದಲ್ಲಿರುತ್ತದೆ. ಅವರು ಕೊನೆಯ ಪುಟಗಳನ್ನು ನೋಡಿದರು. ಗುಂಡುಸೂಜಿಯ ಹತ್ತಿರ ಬೆರಳು ನಿಂತಿತು.

"ಇದು?"

"ಅವರದು. ಮೂರು ವರ್ಷ ಆಯ್ತು."

ಡಾಕ್ಟರಮ್ಮ ಸೂಜಿ ತೆಗೆಯಲಿಲ್ಲ.

"ನಿಮಗೆ ಇರೋದು ಖಿನ್ನತೆ," ಎಂದರು. "ಭುಜದ ನೋವು ನಿಜವಾದ ನೋವೇ, ನೀವು ಕಲ್ಪಿಸಿಕೊಂಡಿದ್ದಲ್ಲ. ಆದರೆ ಅದರ ಬೇರು ಭುಜದಲ್ಲಿಲ್ಲ."

"ನಾನು ಅಳೋದೇ ಇಲ್ಲ ಡಾಕ್ಟರಮ್ಮ. ಅವರು ಹೋದಾಗಲೂ ಅಳಲಿಲ್ಲ. ಗಟ್ಟಿಗಿತ್ತಿ ಅಂತ ಎಲ್ಲರೂ ಹೇಳಿದ್ರು."

"ಈ ಕುರ್ಚೀಲಿ ಕೂತೋರಲ್ಲಿ ಸುಮಾರು ಜನ ಅಳಲ್ಲ. ಬೆನ್ನು ನೋವು, ಎದೆ ಉರಿ, ಸುಸ್ತು ಅಂತ ಬರ್ತಾರೆ. ನಿಮ್ಮ ವಯಸ್ಸಲ್ಲಿ ಹೀಗೆ. ಮಕ್ಕಳಿಗೆ ಹೊಟ್ಟೆನೋವು, ತಲೆನೋವು, ಸಿಡುಕು. ಬೆಳೆಯೋ ಮಗೂಗೆ ಬರಬೇಕಾದ ತೂಕ ಬರೋದಿಲ್ಲ. ವಯಸ್ಸಾದೋರಿಗೆ ಊಟ ಸೇರಲ್ಲ, ನಡಿಗೆ ನಿಧಾನ ಆಗುತ್ತೆ, ಮರೆವು ಬಂದ ಹಾಗೆ ಕಾಣುತ್ತೆ."

"ಅಂದ್ರೆ ಅಮ್ಮಂಗೂ, ಮಗೂಗೂ?"

"ನೋಡದೆ ಹೇಳಲ್ಲ. ಬೇರೆ ಕಾರಣನೂ ಇರಬಹುದು. ಕರ್ಕೊಂಡು ಬನ್ನಿ."

ಟೇಪಕ್ಕ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು. ತಾಯಿಯ ಸಂಖ್ಯೆ ಇಳಿದದ್ದು, ತನ್ನದು ಏರಿದ್ದು ಕಣ್ಣಿಗೆ ಕಾಣುವಂಥದ್ದೇ. ಅವಳು ನೋಡುತ್ತಾ ಕೂತದ್ದು ಮಗಳ ಪುಟವನ್ನು. ಅಲ್ಲಿ ತಪ್ಪಾಗಿದ್ದದ್ದೆಂದರೆ, ಏನೂ ಬದಲಾಗದೇ ಇದ್ದದ್ದೇ.

ಡಾಕ್ಟರಮ್ಮ ಮಾತ್ರೆ ಬರೆದರು. ಗುಣ ಕಾಣಲು ಮೂರ್ನಾಲ್ಕು ವಾರ ಬೇಕು, ನಡುವೆ ಬಿಡಬಾರದು ಎಂದರು. ಆಮೇಲೆ ಕಾಗದ ಬರೆದರು. ಚಿಕಿತ್ಸೆಯಲ್ಲಿದ್ದಾರೆ, ಆರು ವಾರ ಅಲಗಿನ ಯಂತ್ರದ ಕೆಲಸ ಬೇಡ, ಬೇರೆ ಎಲ್ಲ ಕೆಲಸ ಮಾಡಬಹುದು, ಆರು ವಾರದ ನಂತರ ಮತ್ತೆ ಪರೀಕ್ಷೆ. ಕಾಯಿಲೆಯ ಹೆಸರು ಬರೆಯಲಿಲ್ಲ. ಆದರೆ ಕಾಗದದ ತಲೆಯಲ್ಲಿ ವಿಭಾಗದ ಹೆಸರು ಅಚ್ಚಾಗಿತ್ತು.

ಅವಳು ಕಾಗದವನ್ನು ಪುಸ್ತಕದೊಳಗಿಟ್ಟು ಒಂಬತ್ತು ದಿನ ಕಾದಳು. ಮೂರನೇ ದಿನ, ಮನೆಯಲ್ಲಿ, ಉಕ್ಕಿನ ಪಟ್ಟಿ ಮತ್ತು ಬ್ಲೇಡು ತೆಗೆದಳು. ಮೇಲಿನ ಎರಡು ಅಂಗುಲ ಕತ್ತರಿಸಿದರೆ ವಿಭಾಗದ ಹೆಸರು ಹೋಗುತ್ತದೆ. ಪಟ್ಟಿ ಇಟ್ಟು ಗೆರೆಯನ್ನೂ ಎಳೆದಳು. ಆಗ ಕೆಳಗಿನ ಮೊಹರು ಕಣ್ಣಿಗೆ ಬಿತ್ತು. ಅದರಲ್ಲೂ ಅದೇ ಹೆಸರು, ಸರಿಯಾಗಿ ಸಹಿಯ ಮೇಲೆ. ಸಹಿ ಬಿಟ್ಟು ಹೆಸರು ಮಾತ್ರ ಕತ್ತರಿಸುವುದು ಅವಳಂಥ ಕೈಗೂ ಸಾಧ್ಯವಿರಲಿಲ್ಲ. ಕಾಗದ ಕೊಟ್ಟರೆ ತನಗೂ ಒಂದು ಹೆಸರು ಅಂಟಿಕೊಳ್ಳುತ್ತದೆ, ಕೊಡದಿದ್ದರೆ ಮೇಜು ಹೋಗುತ್ತದೆ. ಆ ವಾರ ಬನ್ನು ದಿನಕ್ಕೆ ಐದಾಯಿತು.

ತಿಂಗಳ ಕೊನೆಯ ದಿನ ಗುಂಡಿ ಹೊಟ್ಟೆ ಹಿಡಿದು ಬಾಗಿಲ ಹತ್ತಿರ ಕೂತಳು. ಟೇಪಕ್ಕ ಗದರಲಿಲ್ಲ. ಟೇಪು ತೆಗೆದು ಮಗುವಿನ ಎದೆಗೆ ಸುತ್ತಿದಳು.

"ಎಷ್ಟಿದೆ ಅಮ್ಮ?"

"ಇಪ್ಪತ್ತಾರೂವರೆ."

"ಹೋದ ವರ್ಷನೂ ಅಷ್ಟೇ ಇತ್ತಲ್ಲ. ನಾನು ಬೆಳೀತಿಲ್ವಾ?"

ಒಳಗಿಂದ ತಾಯಿ ಕೂಗಿದಳು, "ನನ್ನದು ನಾಲ್ಕಂಗುಲ ಉಳಿದಿದೆಯಂತೆ, ತಗೋ, ನಿಂಗೇ ಇರಲಿ."

ಮಗು ನಗಲಿಲ್ಲ. ಮೂವರೂ ಆಸ್ಪತ್ರೆಗೆ ಹೋಗಬೇಕೆಂದರೆ ಒಂದು ದಿನ ರಜೆ ಬೇಕು, ಕಾರ್ಖಾನೆಯಲ್ಲಿ ಕಾರಣ ಹೇಳದೆ ರಜೆ ಸಿಗುವುದಿಲ್ಲ. ಅದು ಟೇಪಕ್ಕನಿಗೆ ಮೊದಲೇ ಗೊತ್ತಿತ್ತು. ಆ ಹೊತ್ತು ಅವಳು ಚೀಲದಲ್ಲಿ ಪುಸ್ತಕವೂ ಅದರೊಳಗೆ ಡಾಕ್ಟರಮ್ಮನ ಕಾಗದವೂ ಇವೆಯೇ ಎಂದು ನೋಡಿಕೊಂಡಳು.

ಒಂದನೇ ತಾರೀಖು ಬೆಳಗ್ಗೆ ಯಜಮಾನರು ಕಾಗದವನ್ನು ಎರಡು ಸಲ ಓದಿದರು. ಕಾಗದದ ತಲೆಯಲ್ಲಿ ಅವಳು ಎಳೆದು ಬಿಟ್ಟಿದ್ದ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ಅದಾ?"

"ಅದೇ ಯಜಮಾನ್ರೇ."

"ಭುಜ?"

"ಭುಜ ಸರಿ ಇದೆಯಂತೆ."

"ಮೂಳೆ ಮುರಿದಿದೆ ಅಂತ ಬರೆಸ್ಕೊಂಡು ಬಂದಿದ್ರೂ ಆಗ್ತಿತ್ತಲ್ಲಮ್ಮ," ಎಂದರು ಅವರು. ನಿಜವಾಗಿಯೂ ನೊಂದುಕೊಂಡಂತಿತ್ತು. "ಸರಿ. ಪ್ಯಾಕಿಂಗ್‌ಗೆ ಹೋಗು. ಅಲ್ಲಿ ಕತ್ತರಿ ಗಿತ್ತರಿ ಇಲ್ಲ."

"ಆರು ವಾರಕ್ಕಾ?"

ಅವರು ಕಾಗದ ಮಡಿಸಿ ಡ್ರಾಯರ್‌ನಲ್ಲಿಟ್ಟರು. "ಹೊಸಬ ಸೋಮವಾರ ಬರ್ತಾನೆ. ನಿನ್ನ ಪುಸ್ತಕ ಅವನಿಗೆ ಕೊಡು."

"ಮಂಗಳವಾರ ರಜೆ ಬೇಕಿತ್ತು."

"ತಗೋ."

ಕೆಳಗೆ ಹೋಗಿ ಅವಳು ಮೇಜಿನ ಮೇಲೆ ಪುಸ್ತಕ ಬಿಚ್ಚಿದಳು. ಉಕ್ಕಿನ ಪಟ್ಟಿ ಇಟ್ಟು, ಬ್ಲೇಡಿನಿಂದ ಕೊನೆಯ ನಾಲ್ಕು ಹಾಳೆಗಳನ್ನು ಗುಂಡುಸೂಜಿ ಸಮೇತ ಬೇರ್ಪಡಿಸಿದಳು. ಅಂಚು ನೇರವಾಗಿ ಬಂತು. ಇಸ್ತ್ರಿ ಅಣ್ಣ ನೋಡುತ್ತಿದ್ದ. ಸುದ್ದಿ ಆಗಲೇ ಕೆಳಗಿಳಿದಿತ್ತು. ಅವನ ಮೇಜಿನ ಅಂಚಿನಲ್ಲಿದ್ದ ದಾರದ ಕತ್ತರಿಯ ಕಡೆ ಅವಳ ಕಣ್ಣು ಹೋಯಿತು. ಅವನು ಅದನ್ನು ಎತ್ತಿಟ್ಟುಕೊಳ್ಳಲಿಲ್ಲ, ಅವಳ ಕಡೆ ತಳ್ಳಲೂ ಇಲ್ಲ.

"ಪ್ಯಾಕಿಂಗ್‌ನಲ್ಲಿ ಕಿಟಕಿ ಇದೆ," ಎಂದ.

"ಅದಕ್ಕೂ ಬಣ್ಣ ಬಳಿದಿದ್ದಾರೆ ಅಣ್ಣ," ಎಂದಳು ಟೇಪಕ್ಕ.

ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಆಸ್ಪತ್ರೆಯಲ್ಲಿ ಮೂವರಿಗೂ ಸಮಯ ಕೊಟ್ಟಿದ್ದಾರೆ. ತಾಯಿಗೆ ಮತ್ತು ಟೇಪಕ್ಕನಿಗೆ ಹದಿನಾರನೇ ಕೋಣೆ, ಮಗುವಿಗೆ ಅದರ ಪಕ್ಕದ್ದು. ಮೂರು ಚೀಲಗಳನ್ನೂ ತರಬೇಕು.